ಕೊಲೆಯ ಮೊಕದ್ದಮೆಯೂ ಆರೋಪಿಯ ಪರ ವಕೀಲರೂ

ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನ ವಿಚಾರಣೆ ನಡೆಯುವುದಷ್ಟೆ. ವಸಂತಸೇನೆಯನ್ನು ಕೊಂದನೆಂಬ ಆರೋಪಕ್ಕೆ ಆತನೊಬ್ಬನೇ ಉತ್ತರ ಹೇಳಬೇಕಾಯಿತು. ಅವನ ಪರವಾಗಿ ಬಂದವನು ಗೆಳೆಯ ಮೈತ್ರೇಯ. ಅವನಾದರೋ ಸಭೆಯಲ್ಲಿಯೇ ಶಕಾರನೊಡನೆ ಜಗಳಕ್ಕೆ ನಿಂತು, ಕಂಕುಳಲ್ಲಿದ್ದ ಒಡವೆಗಳನ್ನು ಕೆಳಗೆ ಬೀಳಿಸಿ, ಅವೇ ಗೆಳೆಯನಿಗೆ ವಿರುದ್ಧವಾದ ಸಾಕ್ಷ್ಯವಾಗುವಂತೆ ಮಾಡಿದನು. ಅಧಿಕರಣಿಕನು ದುಷ್ಟನಲ್ಲ, ಆದರೂ ಚಾರುದತ್ತನಿಗೆ ಶೂಲವೇ ಗತಿಯಾಯಿತು. ಆತನಿಗೆ ಕೊರತೆಯಾದದ್ದು ಸ್ನೇಹವಲ್ಲ, ವ್ಯವಹಾರ ಬಲ್ಲ ನಾಲಿಗೆ.

ಇದು ಕೇವಲ ಕವಿಕಲ್ಪನೆಯೆಂದು ತಿಳಿಯಲಾಗದು. ಸಾಲ ಮೊದಲಾದ ವ್ಯವಹಾರಗಳಲ್ಲಿ ಪ್ರತಿನಿಧಿಯನ್ನು ಒಪ್ಪಿದ ನಮ್ಮ ಸ್ಮೃತಿಕಾರರು ಮನುಷ್ಯವಧೆಯಂಥ ಘೋರಾಪರಾಧಗಳಲ್ಲಿ ಮಾತ್ರ ಅವನನ್ನು ನಿಷೇಧಿಸಿದರು. ಅಲ್ಲಿ ಆರೋಪಿಯೇ ಸ್ವತಃ ವಾದಿಸತಕ್ಕದ್ದೆಂಬುದು ಕಾತ್ಯಾಯನನ ಮತ. ಇಂಗ್ಲೆಂಡಿನವರೂ ಇದಕ್ಕಿಂತ ಮುಂದಿರಲಿಲ್ಲ. ರಾಜದ್ರೋಹವೊಂದನ್ನು ಬಿಟ್ಟರೆ, ಘೋರಾಪರಾಧದ ಆರೋಪಿಯ ವಕೀಲನು ಜೂರಿಯನ್ನುದ್ದೇಶಿಸಿ ವಾದಿಸುವ ಹಕ್ಕು ಅಲ್ಲಿ ದೊರೆತದ್ದು 1836ರ ಶಾಸನದಿಂದ. ಹತ್ತು ಹೊನ್ನಿನ ಸಾಲಕ್ಕೆ ವಕೀಲನುಂಟು, ಪ್ರಾಣಕ್ಕಿಲ್ಲ!

ಈಗ ನಮ್ಮ ಸೀಮೆಗೆ ಬರೋಣ. ಕೊಳಕೂರ, ಜೇವರ್ಗಿ, ಅಫಜಲಪುರ, ಆಳಂದಗಳೆಲ್ಲ 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ನಿಜಾಮರ ಕಚೇರಿಗಳ ಭಾಷೆ ಉರ್ದು. ಕನ್ನಡವೊಂದನ್ನೇ ಬಲ್ಲ ಒಕ್ಕಲಿಗನಿಗೆ ವಕೀಲನಿಲ್ಲದ ಕೋರ್ಟು ಮೂಕಸಭೆಯೇ ಸರಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಸೈನ್ಯಾಡಳಿತವು ವಿಶೇಷ ನ್ಯಾಯಮಂಡಲಿಗಳನ್ನು ನೇಮಿಸಿತು. ತೆಲಂಗಾಣದ ರೈತಹೋರಾಟದಲ್ಲಿ ಸಿಕ್ಕಿಬಿದ್ದ ಕೆಲವರಿಗೆ 1949ರ ಆಗಸ್ಟಿನಲ್ಲಿ ಅಂಥ ಮಂಡಲಿಯೇ ಮರಣದಂಡನೆ ವಿಧಿಸಿತು. ಡಿಸೆಂಬರಿನಲ್ಲಿ ಹೈದರಾಬಾದಿನ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿಚಾರಣೆಯಲ್ಲಿ ವಕೀಲರನ್ನಿಟ್ಟುಕೊಳ್ಳಲು ತಮಗೆ ಸರಿಯಾದ ಅವಕಾಶವೇ ಇರಲಿಲ್ಲವೆಂಬುದು ಕೈದಿಗಳ ದೂರು.

ಅವರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಲು ಲಂಡನ್ನಿನಿಂದ ಡಿ. ಎನ್. ಪ್ರಿಟ್ ಎಂಬ ಬ್ಯಾರಿಸ್ಟರರು ಬಂದರು. ಮುಂದೆ ಕೆನ್ಯಾದಲ್ಲಿ ಜೋಮೋ ಕೆನ್ಯಾಟಾರ ಪರ ನಿಂತವರೂ ಇವರೇ. ಜನಾರ್ದನ ರೆಡ್ಡಿ ಮತ್ತಿತರರ ಮೊಕದ್ದಮೆಯೆಂದು ಅದು ಪ್ರಸಿದ್ಧವಾಗಿದೆ. ಹೈಕೋರ್ಟಿನ ತೀರ್ಪು ಸಂವಿಧಾನ ಜಾರಿಗೆ ಬರುವುದಕ್ಕೆ ಮೊದಲಿನದಾದ್ದರಿಂದ ಅಪೀಲು ನಿಲ್ಲಲಿಲ್ಲ. ಬಂಧವಿಮೋಚನೆಯ ಅರ್ಜಿಯೂ 1951ರ ಮಾರ್ಚಿ 16ರಂದು ವಜಾ ಆಯಿತು. ವಕೀಲರ ನೆರವಿಲ್ಲದೆ ವಿಚಾರಣೆಯೇ ಅನ್ಯಾಯವಾಗಿ ಪರಿಣಮಿಸಿದ್ದರೆ ಅಪೀಲಿನ ಕೋರ್ಟು ಕೈಹಾಕಬಹುದೆಂದು ನ್ಯಾಯಮೂರ್ತಿಗಳು ಒಪ್ಪಿದರು. ಅಂಥ ದೋಷವನ್ನು ಈ ಬಗೆಯ ಅರ್ಜಿಯಲ್ಲಿ ನೋಡಲಾಗದೆಂದರು. ತರ್ಕವೇನೋ ಬಿಗಿಯಾಗಿದೆ. ಆದರೆ ತಿಂಗಳೊಂದೆರಡರ ಅಂತರದಿಂದ ಅಪೀಲಿನ ಬಾಗಿಲು ಮುಚ್ಚಿದ್ದವರಿಗೆ ಆ ತರ್ಕದಿಂದಾದ ಪ್ರಯೋಜನವೇನು? ಕಡೆಗೆ ಅವರ ಪ್ರಾಣವುಳಿದದ್ದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದರಿಂದ.

ಬಡ ಆರೋಪಿಗೆ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ವೆಚ್ಚದಿಂದ ವಕೀಲನನ್ನು ಕೊಡತಕ್ಕದ್ದೆಂಬ ವಿಧಿ 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಸೇರಿತು. 1976ರಲ್ಲಿ ಉಚಿತ ಕಾನೂನು ನೆರವು ಸಂವಿಧಾನದ 39-ಎ ಅನುಚ್ಛೇದವಾಯಿತು. ಇಷ್ಟಾದರೂ ಹೆಸರಿಗೊಬ್ಬ ವಕೀಲನನ್ನು ನಿಲ್ಲಿಸುವ ಚಾಳಿ ತಪ್ಪಲಿಲ್ಲ. ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ 2013ರಲ್ಲಿ ವಕೀಲರ ನೇಮಕವೂ ಆರೋಪ ರಚನೆಯೂ ಒಂದೇ ದಿನ ನಡೆದು, ಎರಡು ವಾರದೊಳಗೆ ಮರಣದಂಡನೆಯ ತೀರ್ಪು ಹೊರಬಿತ್ತು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿ, ಮರಣದಂಡನೆ ಅಥವಾ ಜೀವಾವಧಿ ಸಂಭವಿಸಬಹುದಾದಲ್ಲಿ ನೇಮಕಗೊಳ್ಳುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳಿಗೆ ಕಡಿಮೆಯಿಲ್ಲದ ಕಾಲ ಕೊಡಬೇಕು ಎಂದು ವಿಧಿಸಿತು. ಮರುವಿಚಾರಣೆಯಲ್ಲಿ ಆ ಆರೋಪಿಯು 2024ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

ಸೆಷನ್ಸ್ ಕೋರ್ಟು ವಿಧಿಸಿದ ಮರಣದಂಡನೆಯು ಹೈಕೋರ್ಟು ದೃಢಪಡಿಸಿದ ಹೊರತು ಜಾರಿಯಾಗದು. 2008ರಿಂದ ಕಲಬುರಗಿಯಲ್ಲಿಯೇ ಹೈಕೋರ್ಟಿನ ಪೀಠವಿದೆ. ಬಂಧನದಲ್ಲಿರುವ ಯಾವನೇ ಆಗಲಿ, ಜಾತಿ ಆದಾಯಗಳ ಲೆಕ್ಕವಿಲ್ಲದೆ ಉಚಿತ ವಕೀಲನನ್ನು ಕೇಳುವ ಹಕ್ಕು 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮನೆಯವರು ಒಂದು ಅರ್ಜಿ ಬರೆದುಕೊಟ್ಟರಾಯಿತು. ಬರೆಯಲು ಬಾರದವರಿಗೆ ಊರಿನ ಓದುಬಲ್ಲವರು ಬರೆದುಕೊಡಬಹುದು.