ಎಡಗೈಯ ಎರಡು ದಾಖಲೆ: ಗದಗಿನ ಜೋಶಿ, ಧಾರವಾಡದಲ್ಲಿ ಹುಟ್ಟಿದ ಬಾಲೂ

10-6-6-5. ಇದು ಯಾರದೋ ಫೋನ್ ನಂಬರಿನ ತುಂಡಲ್ಲ, ಒಬ್ಬ ಬೌಲರ್‌ನ ಒಂದು ದಿನದ ಲೆಕ್ಕ. ಹತ್ತು ಓವರ್, ಅದರಲ್ಲಿ ಆರು ಮೇಡನ್, ಕೊಟ್ಟಿದ್ದು ಆರು ರನ್, ಪಡೆದಿದ್ದು ಐದು ವಿಕೆಟ್. ನಮ್ಮ ರಾಮಥಾಳದ ಹುಡುಗರು ಟೆನಿಸ್ ಬಾಲಿನಲ್ಲಿ ಆಡುವ ಮ್ಯಾಚಿನಲ್ಲಿ ಒಂದೇ ಓವರಿಗೆ ಆರು ರನ್ ಕೊಟ್ಟರೂ ಬೌಲರ್‌ಗೆ ಶಹಬ್ಬಾಸ್ ಅನ್ನುತ್ತೇವೆ. ಇಲ್ಲಿ 60 ಚೆಂಡಿಗೆ ಆರು ರನ್, ಅದೂ ದಕ್ಷಿಣ ಆಫ್ರಿಕಾದಂಥ ತಂಡದ ಎದುರು!

1999ರ ಸೆಪ್ಟೆಂಬರ್ 26ರಂದು ಕೀನ್ಯಾದ ನೈರೋಬಿಯಲ್ಲಿ ಇದನ್ನು ಮಾಡಿದವರು ಗದಗಿನ ಸುನಿಲ್ ಜೋಶಿ. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್ ಆಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಮುಂದಿನ ವರ್ಷ ನವೆಂಬರ್‌ನಲ್ಲಿ ಬಾಂಗ್ಲಾದೇಶ ಢಾಕಾದಲ್ಲಿ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಪಂದ್ಯಶ್ರೇಷ್ಠರಾದವರೂ ಜೋಶಿಯೇ. ಎರಡು ಇನಿಂಗ್ಸ್ ಸೇರಿ ಎಂಟು ವಿಕೆಟ್, ಬ್ಯಾಟಿನಿಂದ 92 ರನ್.

ಗದಗಿನಲ್ಲಿ ಶಾಲೆ ಓದುತ್ತಿದ್ದಾಗ ಅವರು ಬೆಳಗಿನ ಜಾವದ ರೈಲು ಹತ್ತಿ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದರು. ಬೆಂಗಳೂರಿನ ಹುಡುಗರಿಗೆ ಈ ರೈಲಿನ ಲೆಕ್ಕ ಇರಲಿಲ್ಲ.

ಜೋಶಿ ಹುಟ್ಟಿದ 1970ರಲ್ಲಿ ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ, ನಮ್ಮ ಬಾಗಲಕೋಟೆ ವಿಜಯಪುರದಿಂದ ಬೇರೆಯಾದ ವರ್ಷವೇ. ಈ ಹಳೇ ಸಂಗತಿ ಯಾಕೆ ತೆಗೆದೆವು ಅಂದರೆ, ಅದೇ ಹಳೇ ಧಾರವಾಡ ಜಿಲ್ಲೆಯ ನೆಲದಲ್ಲಿ ಜೋಶಿಗಿಂತ 94 ವರ್ಷ ಮೊದಲು ಇನ್ನೊಬ್ಬ ಎಡಗೈ ಸ್ಪಿನ್ನರ್ ಹುಟ್ಟಿದ್ದರು. ಅವರ ಹೆಸರು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ಪಲ್ವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಮನೆತನ ಕೊಂಕಣದ್ದು, ಮನೆಮಾತು ಮರಾಠಿ, ಬೆಳೆದದ್ದು ಪುಣೆಯಲ್ಲಿ. ಆಗ ಧಾರವಾಡ, ಪುಣೆ, ನಮ್ಮ ಹುನಗುಂದ ಎಲ್ಲವೂ ಮುಂಬೈ ಪ್ರಾಂತದೊಳಗೇ ಇದ್ದವು. ಜಾತಿಯಲ್ಲಿ ಚಮ್ಮಾರರು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಕಸ ಗುಡಿಸಿ, ಪಿಚ್‌ಗೆ ರೋಲರ್ ಎಳೆದರು. ಸಂಬಳ ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕಾಯಿತು. ಅಲ್ಲಿನ ದೊಡ್ಡ ಬ್ಯಾಟ್ಸ್‌ಮನ್ ಗ್ರೇಗ್ ಸಾಹೇಬರು ಬಾಲೂಗೆ ನೆಟ್‌ನಲ್ಲಿ ಬೌಲ್ ಮಾಡಲು ಹೇಳಿ, ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಮಾತಿದೆ. ವರ್ಷಗಟ್ಟಲೆ ಬೌಲ್ ಮಾಡಿಸಿಕೊಂಡವರು ಒಂದು ದಿನವೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟು ಸಾಹೇಬರ ಕೆಲಸ, ಬೌಲಿಂಗ್ ಆಳಿನ ಕೆಲಸ.

ಬಿಳಿಯರನ್ನು ಸೋಲಿಸಬೇಕೆಂಬ ಆಸೆಗೆ ಹಿಂದೂ ಕ್ಲಬ್ಬಿನವರು ಬಾಲೂರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾ ವಿರಾಮ ಆಯಿತೆಂದರೆ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟದ ತಟ್ಟೆಯೂ ಬೇರೆ. ಇದನ್ನು ಓದಿ ನಮ್ಮ ಊರಿನ ಹೋಟೆಲುಗಳಲ್ಲಿ ಬೇರೆ ಲೋಟ ಇಡುತ್ತಿದ್ದ ಕಾಲ ಹಿರಿಯರಿಗೆ ನೆನಪಾಗದೆ ಇರದು.

1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಬಾಲೂ ಅವರ ಬೌಲಿಂಗ್ ಇಲ್ಲದೆ ಆ ಗೆಲುವು ಆಗುತ್ತಿರಲಿಲ್ಲ. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯದಲ್ಲಿ ಗೆದ್ದದ್ದು ಆರೇ. ಅಂಥ ಸೋತ ತಂಡದಲ್ಲಿ, ಕೈನೋವು ಇಟ್ಟುಕೊಂಡೇ ಬಾಲೂ 114 ವಿಕೆಟ್ ಪಡೆದರು. ನಮ್ಮ ಮಟ್ಟಿಗೆ ಜೋಶಿಯ ಆರು ರನ್ನಿಗಿಂತಲೂ ದೊಡ್ಡ ಅಂಕಿ ಇದೇ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ವಿಠ್ಠಲ, ಶಿವರಾಮ ಇದನ್ನು ಪ್ರತಿಭಟಿಸಿ ತಂಡದಿಂದ ಹೊರನಡೆದರು. ಆಮೇಲೆ ಬಾಲೂಗೆ ಉಪನಾಯಕನ ಸ್ಥಾನ ಸಿಕ್ಕಿತು. 1923ರಲ್ಲಿ ವಿಠ್ಠಲರೇ ನಾಯಕರಾಗಿ ಯುರೋಪಿಯನ್ನರನ್ನು ಸೋಲಿಸಿದರು.

ಬಾಲೂ ಕೊನೆಗೆ ರಾಜಕೀಯಕ್ಕೂ ಬಂದರು. 1937ರ ಮುಂಬೈ ಪ್ರಾಂತದ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಗೆದ್ದವರು ಡಾ. ಬಿ.ಆರ್. ಅಂಬೇಡ್ಕರ್.

ಭಾರತದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಜೋಶಿಯ ಹೆಸರು ಸಿಗುತ್ತದೆ: 15 ಟೆಸ್ಟ್, 41 ವಿಕೆಟ್. ಬಾಲೂ ಹೆಸರು ಸಿಗುವುದಿಲ್ಲ. ಭಾರತ ಮೊದಲ ಟೆಸ್ಟ್ ಆಡಿದ 1932ರಲ್ಲಿ ಅವರಿಗೆ 56 ವರ್ಷ. ಫೋನಿನಲ್ಲಿ ಹುಡುಕುವವರು 1911ರ ಇಂಗ್ಲೆಂಡ್ ಪ್ರವಾಸ ಎಂದು ಹುಡುಕಿರಿ, ವಿಕೆಟ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಅವರೇ ಇದ್ದಾರೆ.