ಎರಡು ಅಂಕ, ಎರಡು ಸಹಿ, ಒಂದೇ ಸಾಲ



ಕಾರು ಕೊಳ್ಳಲು ಗಂಡ-ಹೆಂಡತಿ ಜಂಟಿಯಾಗಿ ಸಾಲಕ್ಕೆ ಅರ್ಜಿ ಹಾಕುವುದು ನಮ್ಮ ಮಹಾನಗರಗಳಲ್ಲಿ ಮಾಮೂಲು. ಒಬ್ಬರ ಕ್ರೆಡಿಟ್ ಸ್ಕೋರ್ 790, ಇನ್ನೊಬ್ಬರದು 640 ಎಂದಿಟ್ಟುಕೊಳ್ಳಿ. ಬ್ಯಾಂಕು ಯಾರ ಮುಖ ನೋಡಿ ಸಾಲ ಕೊಡಬೇಕು? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ.

ಮೊದಲು ಉಡುಪಿಗೆ. ಅಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಹೀಗೆ ನಿತ್ಯ ಬಂದುಹೋಗುವವರಿಗೆ ಯಾರ ಮಾತು ಗಟ್ಟಿ ಎಂದು ತಿಳಿಯದೇ ಇದ್ದೀತೇ? ಊರಿನ ಪರಿಚಯವೇ ಆಗಿನ ಸ್ಕೋರು. ಅದು ಸಾಲದಿದ್ದರೆ ಜಾಮೀನುದಾರ.

ಆದರೆ ಊರು ಬಿಟ್ಟು ಮುಂಬಯಿಗೋ ದೆಹಲಿಗೋ ಬಂದವರನ್ನು ಬಲ್ಲವರು ಯಾರು? ಆ ಪರಿಚಯದ ಜಾಗಕ್ಕೆ ದಾಖಲೆ ಬಂತು. 2000ದಲ್ಲಿ ಮುಂಬಯಿಯಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳಿಗೆಂದೇ ಕಾನೂನು ಬಂತು. 300ರಿಂದ 900ರವರೆಗಿನ ಈ ಅಂಕವನ್ನು ಮೊದಲು ನೋಡುತ್ತಿದ್ದುದು ಬ್ಯಾಂಕುಗಳು ಮಾತ್ರ. ನಮ್ಮ ಅಂಕ ನಮಗೇ ಸಿಗತೊಡಗಿದ್ದು 2011ರಲ್ಲಿ!

ಈಗ ನಮ್ಮ ಜೋಡಿಯ ಪ್ರಶ್ನೆಗೆ ಬರೋಣ. 790 ಮತ್ತು 640ನ್ನು ಕೂಡಿಸಿ ಎರಡರಿಂದ ಭಾಗಿಸುವ ನಿಯಮವೇನೂ ಇಲ್ಲ. ಬ್ಯಾಂಕು ಇಬ್ಬರ ವರದಿಯನ್ನೂ ತರಿಸಿ, ತನ್ನದೇ ಲೆಕ್ಕದಲ್ಲಿ ತೂಗುತ್ತದೆ. ಇಬ್ಬರ ಆದಾಯ ಸೇರುವುದರಿಂದ ಅನುಕೂಲವಿದೆ, ನಿಜ. ಆದರೆ ಕಡಿಮೆ ಅಂಕದಿಂದಾಗಿ ಬಡ್ಡಿ ಏರಬಹುದು, ಅರ್ಜಿಯೇ ತಿರಸ್ಕೃತವಾಗಬಹುದು. ಒಬ್ಬರ ಸಂಬಳವೇ ಸಾಕಾಗುವಂತಿದ್ದರೆ ಹೆಚ್ಚು ಅಂಕದವರು ಒಬ್ಬರೇ ಅರ್ಜಿ ಹಾಕುವುದು ಮೇಲು.

ಇನ್ನೊಂದು ಮಾತು ಸ್ಕೋರಿಗಿಂತಲೂ ಬಹಳ ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಜೊತೆಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿಯನ್ನು ಕೇಳಬಹುದು; ಬೇರೆ ಒಪ್ಪಂದವಿದ್ದರೆ ಮಾತು ಬೇರೆ. ‘ನನ್ನ ಅರ್ಧ ನಾನು ಕಟ್ಟಿದ್ದೇನೆ’ ಎಂದರೆ ಬ್ಯಾಂಕು ಒಪ್ಪುವುದಿಲ್ಲ. ಕಟ್ಟಿದವರು ಜೊತೆಗಾರರಿಂದ ಅವರ ಪಾಲನ್ನು ವಸೂಲು ಮಾಡಬಹುದು, ಆದರೆ ಅದು ನಂತರದ ಮಾತು. ಕಂತು ತಪ್ಪಿದರೆ ಕಲೆ ಉಳಿಯುವುದು ಇಬ್ಬರ ವರದಿಯಲ್ಲೂ.

ಆದ್ದರಿಂದ ಶೋರೂಮಿಗೆ ಹೋಗುವ ಮೊದಲು ಇಬ್ಬರೂ ತಮ್ಮ ತಮ್ಮ ವರದಿ ತರಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ತಪ್ಪಿದ್ದರೆ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಆದೇಶವಾಗಿದೆ. ನಂತರ ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡಿ. ಕಾರಿನ ಬಣ್ಣದ ಚರ್ಚೆ ಆಮೇಲೆ ಇದ್ದೇ ಇದೆ!