ಸೇವಾ ಕೇಂದ್ರಗಳಿಗೆ ಚಿಕ್ಕ ಲಿನಕ್ಸ್ ಸರ್ವರ್: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಹಿನ್ನೆಲೆ

2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿಗಳನ್ನು ಗಣಕೀಕರಿಸಲಾಯಿತು. ಜಾತಿ, ಆದಾಯ ಮೊದಲಾದ ಪ್ರಮಾಣಪತ್ರಗಳ ಅರ್ಜಿಗಳನ್ನು ಹೋಬಳಿ ಮಟ್ಟದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಲ್ಲಿ ಸ್ವೀಕರಿಸಲಾಗುತ್ತದೆ. ಈ ಸೇವೆಗಳ ದತ್ತಾಂಶವು ಕೇಂದ್ರೀಯ ಸರ್ವರ್‌ಗಳಲ್ಲಿರುವುದರಿಂದ ಅಂತರಜಾಲ ಸಂಪರ್ಕವಿಲ್ಲದೆ ಅರ್ಜಿ ದಾಖಲಾಗುವುದಿಲ್ಲ. ಘಟ್ಟದ ತಪ್ಪಲಿನ ಊರುಗಳಲ್ಲಿ ಸಿಡಿಲು ಮಳೆಯ ದಿನಗಳಂದು ವಿದ್ಯುತ್ ಮತ್ತು ಸಂಪರ್ಕ ಆಗಾಗ್ಗೆ ಕಡಿತಗೊಳ್ಳುತ್ತವೆ. ಅರ್ಜಿ ತುಂಬಲು ನೆರವಾಗುವ ಗ್ರಂಥಾಲಯ, ಸಹಕಾರ ಸಂಘ ಹಾಗೂ ಖಾಸಗಿ ಕೇಂದ್ರಗಳಲ್ಲಿ ಹಲವು ಕಂಪ್ಯೂಟರ್‌ಗಳು ಒಂದೇ ಸಂಪರ್ಕವನ್ನು ಹಂಚಿಕೊಂಡಿದ್ದಲ್ಲಿ ಈ ಕೆಳಕಂಡ ವ್ಯವಸ್ಥೆ ಉಪಯುಕ್ತವಾಗಿರುತ್ತದೆ.

2. ಸರ್ವರ್ ನೀಡುವ ಸೇವೆಗಳು

ಅ) ವಿಳಾಸ ಮತ್ತು ಹೆಸರು: ‘ಡಿಎನ್‌ಎಸ್‌ಮಾಸ್ಕ್’ ಎಂಬ ಒಂದೇ ತಂತ್ರಾಂಶವು ಪ್ರತಿ ಕಂಪ್ಯೂಟರ್‌ಗೆ ಐಪಿ ವಿಳಾಸ ನೀಡುತ್ತದೆ. ಒಮ್ಮೆ ಕೇಳಿದ ಜಾಲತಾಣದ ವಿಳಾಸವನ್ನು ಕೆಲಕಾಲ ನೆನಪಿನಲ್ಲಿರಿಸಿಕೊಳ್ಳುವುದರಿಂದ ಮರುಹುಡುಕಾಟದ ವಿಳಂಬ ತಪ್ಪುತ್ತದೆ.

ಆ) ಸಮಯ: ಬ್ಯಾಟರಿ ಸವೆದ ಕಂಪ್ಯೂಟರ್‌ನ ಗಡಿಯಾರವು ವಿದ್ಯುತ್ ಹೋದಾಗ ಹಳೆಯ ದಿನಾಂಕಕ್ಕೆ ಮರಳುತ್ತದೆ. ಆಗ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಬ್ರೌಸರ್ ಪುಟವನ್ನು ನಿರಾಕರಿಸುತ್ತದೆ. ಸಂಪರ್ಕ ಸರಿಯಿದ್ದರೂ ‘ಸರ್ವರ್ ಇಲ್ಲ’ವೆಂದು ಭಾವಿಸಲು ಇದೂ ಒಂದು ಕಾರಣ. ‘ಕ್ರೋನಿ’ ತಂತ್ರಾಂಶವು ಎಲ್ಲ ಕಂಪ್ಯೂಟರ್‌ಗಳಿಗೂ ಸರಿಯಾದ ಸಮಯ ಒದಗಿಸುತ್ತದೆ.

ಇ) ಸ್ಥಳೀಯ ಪುಟ: ಖಾಲಿ ಅರ್ಜಿ ನಮೂನೆ ಮತ್ತು ಲಗತ್ತಿಸಬೇಕಾದ ದಾಖಲೆಗಳ ಪಟ್ಟಿಯನ್ನು ಸಂಪರ್ಕವಿಲ್ಲದಿರುವಾಗಲೂ ನೋಡಬಹುದು.

3. ಅಳವಡಿಸುವ ಕ್ರಮ

1) 1 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಸಾಕಾಗುತ್ತದೆ. ಪೈಗೆ ಬ್ಯಾಟರಿಯುಳ್ಳ ಗಡಿಯಾರವನ್ನು ಪ್ರತ್ಯೇಕವಾಗಿ ಜೋಡಿಸುವುದು.
2) ಡೆಬಿಯನ್ ಲಿನಕ್ಸನ್ನು ಚಿತ್ರಾತ್ಮಕ ಪರದೆಯಿಲ್ಲದೆ ಅಳವಡಿಸಿ, ಸರ್ವರ್‌ಗೆ ಸ್ಥಿರ ವಿಳಾಸ ನೀಡುವುದು. ಉದಾಹರಣೆ: 192.168.10.1.
3) ರೌಟರ್‌ಗೆ ಅದೇ ಸಾಲಿನ ಬೇರೆ ವಿಳಾಸ ನೀಡಿ, ಅದರಲ್ಲಿನ ವಿಳಾಸ ಹಂಚಿಕೆಯನ್ನು ನಿಲ್ಲಿಸುವುದು. ಎರಡು ಕಡೆಯಿಂದ ವಿಳಾಸ ಹಂಚಿದರೆ ಗೊಂದಲವಾಗುತ್ತದೆ.
4) ಈ ಸೇವೆಗಳು ಒಳಜಾಲಕ್ಕೆ ಮಾತ್ರ ಲಭ್ಯವಿರತಕ್ಕದ್ದು. ಭದ್ರತಾ ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸತಕ್ಕದ್ದು.
5) ಯುಪಿಎಸ್ ಮತ್ತು ಸರಿಯಾದ ಅರ್ತಿಂಗ್ ಅಗತ್ಯ. ಸಿಡಿಲಿನ ಮುನ್ಸೂಚನೆಯಿದ್ದಲ್ಲಿ ವಿದ್ಯುತ್ ಹಾಗೂ ದೂರವಾಣಿ ತಂತಿಗಳನ್ನು ಮುಂಚಿತವಾಗಿಯೇ ಬೇರ್ಪಡಿಸುವುದು.

4. ಅರ್ಜಿದಾರರ ಗಮನಕ್ಕೆ

ಚಿಕ್ಕ ಸರ್ವರ್ ಅಂತರಜಾಲ ಸಂಪರ್ಕಕ್ಕೆ ಬದಲಿಯಲ್ಲ. ಸ್ಥಳೀಯ ಪುಟದ ನಮೂನೆಯನ್ನು ತುಂಬಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತಾಗುವುದಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಕಾಲಮಿತಿಯು ಅರ್ಜಿ ಸಲ್ಲಿಕೆಯ ದಿನಾಂಕವನ್ನು ಅವಲಂಬಿಸಿರುತ್ತದೆ. ಆದುದರಿಂದ ಸಂಪರ್ಕವಿಲ್ಲದ ದಿನ ಕಾಗದಪತ್ರಗಳನ್ನು ಕೇಂದ್ರದಲ್ಲಿ ಬಿಟ್ಟು ತೆರಳದೆ, ಅರ್ಜಿ ದಾಖಲಾದ ನಂತರ ಸಂಖ್ಯೆ ಮತ್ತು ದಿನಾಂಕವುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆಯುವುದು. ಶಾಲಾ ದಾಖಲಾತಿ, ವಿದ್ಯಾರ್ಥಿವೇತನಗಳ ಕೊನೆಯ ದಿನ ಸಮೀಪಿಸುವವರೆಗೆ ಕಾಯದಿರುವುದು ಒಳಿತು.

ಆಧಾರ್, ಪಡಿತರ ಚೀಟಿ ಮುಂತಾದವುಗಳ ಪ್ರತಿಗಳನ್ನು ಈ ಸರ್ವರ್‌ನಲ್ಲಿ ಉಳಿಸಬಾರದು. ಸ್ಕ್ಯಾನ್ ಮಾಡಿದ ಕಡತಗಳನ್ನು ಕೆಲಸ ಮುಗಿದೊಡನೆ ಅಳಿಸುವಂತೆ ಅರ್ಜಿದಾರರು ಕೇಳಿಕೊಳ್ಳಬಹುದಾಗಿದೆ.